ಖಾದರನನ್ನು ನಡೆಸಿದ ಡಬ್ಬಿಗಳು

ಬೆಳಗ್ಗೆ ಗಿರಣಿಗಳ ಕಡೆಯಿಂದ ಹೊಸ ಶೇಂಗಾ ಎಣ್ಣೆಯ ವಾಸನೆ ತೇಲಿಬಂದರೆ ಚಳ್ಳಕೆರೆಯವರಿಗೆಲ್ಲ ಹಸಿವಾಗುತ್ತದೆ. ನನಗೆ ಮಾತ್ರ ಖಾದರ್ ನೆನಪಾಗಿ ನಗು ಬರುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ.

ಖಾದರ್ ನನ್ನ ಬಾಲ್ಯದ ಗೆಳೆಯ, ಬಸ್ ಸ್ಟ್ಯಾಂಡ್ ಹಿಂದೆ ಬೈಕ್ ಗ್ಯಾರೇಜ್ ಇಟ್ಟವನು. ಕೆಲವು ವರ್ಷಗಳ ಹಿಂದೆ ಅವನ ಎದೆಗೆ ಸ್ಟೆಂಟ್ ಬಿತ್ತು. ದಿನಾ ನಡೆಯಲೇಬೇಕು ಎಂದರು ಡಾಕ್ಟರು. ಇವನೋ, ಪಕ್ಕದಂಗಡಿಯ ಚಹಾಕ್ಕೂ ಸ್ಕೂಟರ್ ಏರುವ ಆಸಾಮಿ. "ಲೇ, ಕೆಲ್ಸ ಇಲ್ದೆ ಸುತ್ತೋಕೆ ನಾನೇನ್ ಬೀದಿ ಎತ್ತೇನ್ಲೇ?" ಎಂದು ಕೂತೇಬಿಟ್ಟ. ಅವನ ಹೆಂಡತಿ ಶಬಾನಾ ಒಂದು ಸಂಜೆ ನಮ್ಮ ಮನೆಗೆ ಬಂದು ಕಣ್ಣೊರೆಸಿಕೊಂಡರು. "ಅಣ್ಣಾ, ನನ್ ಮಾತು ಕೇಳಲ್ಲ. ನೀವಾದ್ರೂ ಏನಾದ್ರೂ ಮಾಡ್ರಿ."

ಖಾದರ್‌ಗೆ ಒಗಟೆಂದರೆ ಹುಚ್ಚು. ಬಿಡಿಸದೆ ಅನ್ನ ಇಳಿಯದು. ಆಗಷ್ಟೇ ನನ್ನ ಮಗಳು ಫೋನಿನಲ್ಲಿ ಜಿಯೋಕ್ಯಾಶಿಂಗ್ ಎಂಬ ಆಟ ತೋರಿಸಿದ್ದಳು. ಯಾರೋ ಎಲ್ಲೋ ಡಬ್ಬಿ ಬಚ್ಚಿಡುತ್ತಾರೆ. ಒಗಟು ಬಿಡಿಸಿದರೆ ಜಾಗ ತಿಳಿಯುತ್ತದೆ. ಹುಡುಕಿದವರು ಒಳಗಿನ ಚೀಟಿಯಲ್ಲಿ ಹೆಸರು ಬರೆದು ಬರಬೇಕು. ನಾನು 'ಗುಬ್ಬಚ್ಚಿ' ಎಂಬ ಸುಳ್ಳು ಹೆಸರಿಟ್ಟುಕೊಂಡು ಊರಿನ ಪಾರ್ಕುಗಳಿಗೆಲ್ಲ ಒಗಟು ಹೊಸೆದೆ. ಸ್ವಂತ ವಾಹನ ತರಬಾರದು ಎಂಬ ನಿಯಮವನ್ನೂ ಸೇರಿಸಿದೆ. ಆಮೇಲೆ ಏನೂ ಅರಿಯದವನಂತೆ ಖಾದರ್ ಫೋನಿಗೂ ಆಟ ಹಾಕಿಕೊಟ್ಟೆ.

"ಎತ್ತು ಸುತ್ತಿ ಸುತ್ತಿ ಸೋತಿತು, ಕಲ್ಲು ಈಗ ಮಕ್ಕಳನ್ನು ಕೂರಿಸಿಕೊಂಡಿದೆ." ಇದು ಮೊದಲ ಒಗಟು; ಪಾರ್ಕಿನ ಮೂಲೆಗೆ ಬಿದ್ದಿದ್ದ ಹಳೆಯ ಶೇಂಗಾ ಎಣ್ಣೆ ಗಾಣದ ಕಲ್ಲು ಅದು. ಖಾದರ್ ಅರ್ಧ ದಿನ ತಲೆ ಕೆರೆದುಕೊಂಡು ಕೊನೆಗೆ ಗ್ಯಾರೇಜ್ ಬಿಟ್ಟು ಹೊರಟ. ಅಲ್ಲಿಂದಲೇ ಫೋನಿನಲ್ಲಿ ಕೂಗಿದ: "ಸಿಕ್ತು ಕಣ್ಲೇ! ಈ ಗುಬ್ಬಚ್ಚಿ ಯಾವನೋ, ತಲೆ ಐತೆ ಅವನಿಗೆ!" ನಾನು ಹಿಗ್ಗಿಹೋದೆ.

ಇನ್ನೊಂದು ಪಾರ್ಕಿನಲ್ಲಿ ವಾಕಿಂಗ್ ಹೆಂಗಸರು ನನ್ನ ಡಬ್ಬಿಯನ್ನು ಮಾಟವೆಂದು ತಿಳಿದು ದೂರ ನಿಂತು ನಿಂಬೆಹಣ್ಣು ಎಸೆಯುತ್ತಿದ್ದರಂತೆ. ಖಾದರ್ ನೇರ ಹೋಗಿ ಮುಚ್ಚಳ ತೆಗೆದು ನಾನು ಒಳಗಿಟ್ಟಿದ್ದ ಮಕ್ಕಳಾಟದ ಗೋಲಿಗಳನ್ನು ತೋರಿಸಿದ. ಆಮೇಲೆ ಅವರೂ ಆಟಕ್ಕೆ ಸೇರಿದರು.

ಕೊನೆಯ ಒಗಟು ಮೊಳಕಾಲ್ಮೂರಿನ ಕಡೆಯದು. "ಬಾಯಿಲ್ಲ, ಸಾವಿರಾರು ವರ್ಷದಿಂದ ಮಾತಾಡುತ್ತಿದೆ." ಅಶೋಕನ ಶಾಸನದ ಬಂಡೆ! ಅದಕ್ಕೆ ಧಕ್ಕೆಯಾಗದಂತೆ ದೂರದ ಹುಣಸೆಮರದ ಬುಡದಲ್ಲಿ ಡಬ್ಬಿ ಇಟ್ಟಿದ್ದೆ. "ಜೊತೆಗೆ ಬಾರ್ಲೇ" ಎಂದು ಖಾದರ್ ನನ್ನನ್ನೂ ಎಳೆದುಕೊಂಡು ಹೋದ. ಬಸ್ಸಿಳಿದು ನಡೆಯುತ್ತ ನಾನು ಏದುಸಿರು ಬಿಡುತ್ತ ಹಿಂದುಳಿದೆ. ಅವನು ಸಲೀಸಾಗಿ ಮುಂದೆ ಹೋಗಿ ಡಬ್ಬಿ ತೆಗೆದು ನಕ್ಕ.

"ಮೊದಲ್ನೇ ಡಬ್ಬೀಲೇ ಗೊತ್ತಾಯ್ತು ಕಣ್ಲೇ. ಅದು ರಂಜಾನ್‌ಗೆ ನಾವು ನಿಮ್ಮನೇಗೆ ಸೇಮಿಯಾ ಕಳ್ಸಿದ್ ಡಬ್ಬಿ!"

ನಾನು ಪೆಚ್ಚಾದೆ. "ಮತ್ಯಾಕೆ ಇಷ್ಟ್ ದಿನ ನಡೆದೆ?"

"ನನ್ ಸಲುವಾಗಿ ಒಬ್ಬ ಈ ಹೊಟ್ಟೆ ಹೊತ್ಕೊಂಡು ಬಿಸಿಲಲ್ಲಿ ತಿರುಗ್ತಾನೆ ಅಂದ್ರೆ, ನಾನ್ ಕೂತ್ಕೊಳ್ಳೋಕೆ ಆಗ್ತೈತಾ?" ಎಂದ. ನಾನು ಹುಣಸೆಮರವನ್ನು ನೋಡುತ್ತ ನಿಂತೆ.

ಈಗ ಬಚ್ಚಿಡುವವನು ಅವನು, ಹುಡುಕುವವನು ನಾನು. ಆ ಕಳ್ಳ ಇವತ್ತಿನ ಒಗಟನ್ನು ನನಗೆ ಓದಲು ಬಾರದ ಉರ್ದುವಿನಲ್ಲಿ ಬರೆದಿದ್ದಾನೆ. ಓದಿಸಿಕೊಳ್ಳಬೇಕೆಂದರೆ ಮೊದಲು ಅವನ ಮನೆಯವರೆಗೆ ನಡೆಯಬೇಕು. ಚಪ್ಪಲಿ ಮೆಟ್ಟಿದ್ದೇನೆ.