ಚುಕ್ಕಿ ಅಕ್ಷರದ ತಾಟು

ನಮ್ಮ ಮನೆಯಲ್ಲಿ ಕಳ್ಳತನ ಆಗಿರಲಿಲ್ಲ. ಮೊಮ್ಮಗಳು ಮೂರು ಪಾತ್ರೆಗಳನ್ನು ಹೇಳದೆ ಕಾಲೇಜಿಗೆ ಒಯ್ದಿದ್ದಳು. ಆದದ್ದು ಇಷ್ಟೇ. ಉಳಿದದ್ದನ್ನೆಲ್ಲ ನಾನೂ ನನ್ನ ಮಗನೂ ಕೂತಲ್ಲೇ ಹುಟ್ಟಿಸಿಕೊಂಡೆವು.

ಆ ಹುಡುಗಿ ಪಿಯುಸಿಗೆ ಗ್ರಾಫಿಕ್ ಡಿಸೈನ್ ಎಂಬ ವಿಷಯ ತೆಗೆದುಕೊಂಡಿದ್ದಾಳೆ. ನಾವಿರುವುದು ಬೆಟಗೇರಿ, ಕಾಲೇಜು ಗದಗದಲ್ಲಿ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಅದೆಂಥ ವಿದ್ಯೆ ಎಂದು ಕೇಳಿದರೆ, ಅಕ್ಷರ, ಚಿತ್ರ ಎಲ್ಲ ನೋಡಿದ ಕೂಡಲೇ ತಿಳಿಯುವ ಹಾಗೆ ಜೋಡಿಸುವುದು ಎಂದಳು. ನನ್ನ ಮಗನಿಗೆ ಅದು ಹಿಡಿಸಿರಲಿಲ್ಲ. ಫ್ಲೆಕ್ಸ್ ಮಾಡುವುದಕ್ಕೆ ಕಾಲೇಜು ಯಾಕೆ ಎಂಬುದು ಅವನ ತಕರಾರು. ಅರ್ಧ ವರ್ಷದ ಪ್ರಾಜೆಕ್ಟ್ ನೆಟ್ಟಗಾಗದಿದ್ದರೆ ಕಾಮರ್ಸಿಗೆ ಹಾಕುತ್ತೇನೆ ಎಂದು ಹೇಳಿಯೇ ಸೇರಿಸಿದ್ದ.

ಪ್ರಾಜೆಕ್ಟ್ ಏನೆಂದರೆ, ಸುತ್ತಮುತ್ತ ಕಾಣುವ ಯಾವುದಾದರೂ ಬರಹ ನೋಡಿ ಹೊಸ ನಮೂನೆಯ ಅಕ್ಷರ ಮಾಡುವುದು. ಬೇರೆ ಮಕ್ಕಳು ಅಂಗಡಿ ಬೋರ್ಡು, ಲಾರಿಯ ಹಿಂದಿನ ಬರಹ ಹಿಡಿದುಕೊಂಡರಂತೆ. ಇವಳಿಗೆ ಏನೂ ಹೊಳೆಯಲಿಲ್ಲ. ಉಣ್ಣುವಾಗಲೂ ಮುಖ ಬಾಡಿಸಿಕೊಂಡು ಕೂರುತ್ತಿದ್ದಳು. ಒಮ್ಮೆ ಮುಸುರೆ ತಿಕ್ಕಲು ಕೂರಿಸಿದೆ. ಒಂದು ಚರಗಿಯನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದಳು. ಕೆಲಸಗಳ್ಳಿ ಎಂದು ಬೈದೆ.

ಅದಾದ ಮೇಲೆ ಒಂದು ದಿನ ಶಿರಹಟ್ಟಿಯಿಂದ ನಾದಿನಿಯ ಫೋನ್ ಬಂತು, ನಾಳೆ ಬೆಳಿಗ್ಗೆ ಬರುತ್ತೇನೆ ಎಂದು. ನಮ್ಮಲ್ಲಿ ಮದುವೆಗೆ ಪಾತ್ರೆ ಕೊಡುವವರು ಅದರ ಮೇಲೆ ತಮ್ಮ ಹೆಸರು, ಊರು ಹಾಕಿಸಿ ಕೊಡುತ್ತಾರೆ. ಪಾತ್ರೆ ಅಂಗಡಿಯವ ಸಣ್ಣ ಉಳಿಯಿಂದ ಚುಕ್ಕಿ ಚುಕ್ಕಿ ಹೊಡೆದು ಬರೆಯುತ್ತಾನೆ. ಕೊಟ್ಟವರು ಮನೆಗೆ ಬಂದರೆ ಅವರ ತಾಟಿನಲ್ಲೇ ಉಣಬಡಿಸಬೇಕು. ಬಡಿಸದಿದ್ದರೆ ನನ್ನ ನಾದಿನಿ ಉಣ್ಣದೆ ಕೈ ತೊಳೆದು ಏಳುವ ಪೈಕಿ. ಪಾತ್ರೆ ಇಡುವ ನಾಗಂದಿಗೆ ನೋಡಿದೆ. ಅವಳು ಕೊಟ್ಟ ತಾಟು ಇಲ್ಲ. ಮುಂಡರಗಿಯ ಮಾವ ಕೊಟ್ಟ ಚರಗಿ ಇಲ್ಲ. ಲಕ್ಷ್ಮೇಶ್ವರದ ತಂಗಿ ಕೊಟ್ಟ ಡಬ್ಬಿಯೂ ಇಲ್ಲ. ಅದರೊಳಗಿನ ಶೇಂಗಾ ಮಾತ್ರ ಬುಟ್ಟಿಯಲ್ಲಿ ಸುರಿದಿತ್ತು.

ಮಗ ಊಟಕ್ಕೆ ಬಂದವನು ಕೇಳಿ ಕೆಂಡವಾದ. ಮೊಮ್ಮಗಳ ಫೋನ್ ಸ್ವಿಚ್ ಆಫ್ ಆಗಿತ್ತು.

"ಗುಜರಿ ಮೋಡಕಾ ಅಂಗಡಿಗೆ ಹಾಕ್ಯಾಳ, ಆ ರೊಕ್ಕದಾಗ ಪ್ರಾಜೆಕ್ಟ್ ಬ್ಯಾರೇದವ್ರ ಕಡೆ ಮಾಡಸಾಕ. ಇವತ್ತ ಕಾಲೇಜಿಗೆ ಹೋಗಿ ಹೆಸರು ತಗಸ್ತೀನಿ."

"ಮೊದಲ ತಾಟ ಎಲ್ಲೈತಿ ಕೇಳು. ಆಮ್ಯಾಲ ಹೆಸರು ತಗಸು," ಎಂದೆ. ಹಾಗೆಂದರೂ ನನಗೂ ಅನುಮಾನವೇ. ಅವನ ಗಾಡಿಯ ಹಿಂದೆ ಕೂತು ನಾನೂ ಹೋದೆ. ಹುಡುಗಿಯ ಓದು ಅಲ್ಲಿಗೆ ಮುಗಿಯಿತು ಎಂದೇ ದಾರಿಯುದ್ದಕ್ಕೂ ಅಂದುಕೊಂಡೆ.

ಕ್ಲಾಸಿನ ಮೇಜಿನ ಮೇಲೆ ಮೂರೂ ಪಾತ್ರೆ ಸಾಲಾಗಿ ಕೂತಿದ್ದವು. ಹಿಂದಿನ ಗೋಡೆಗೆ ದೊಡ್ಡ ಹಾಳೆ. ಅದರ ಮೇಲೆ ಚುಕ್ಕಿಗಳಿಂದಲೇ ಮಾಡಿದ ಅಗಲ ಅಕ್ಷರಗಳಲ್ಲಿ ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿ. ಪಾತ್ರೆಯ ಚುಕ್ಕಿಗಳಿಗೆ ಮಸಿ ತುಂಬಿ ಕಾಗದಕ್ಕೆ ಅಚ್ಚು ತೆಗೆದು, ಅದನ್ನು ನೋಡಿ ಕಂಪ್ಯೂಟರಿನಲ್ಲಿ ಇಡೀ ವರ್ಣಮಾಲೆ ಮಾಡಿದ್ದಳಂತೆ. ನಮ್ಮನ್ನು ನೋಡಿ ಹುಡುಗಿ ಗೋಡೆಗೆ ಅಂಟಿಕೊಂಡು ನಿಂತಳು. ಕೇಳಿದ್ದರೆ ಕೊಡುತ್ತಿದ್ದೆಯಾ ಎಂದು ನನ್ನನ್ನೇ ಕೇಳಿದಳು. ಕೊಡುತ್ತಿರಲಿಲ್ಲ, ಖರೆ.

ಅವಳ ಟೀಚರ್ ಕುರ್ಚಿ ಕೊಟ್ಟು ಕೇಳಿದರು: "ಹೆಂಗ ಕಾಣತೈತ್ರಿ ಅಮ್ಮಾರ?"

"ಸಿಡುಬು ಬಂದ ಮಾರಿ ಕಂಡಂಗ ಕಾಣತೈತ್ರಿ," ಎಂದೆ. "ಆದ್ರ ಚಸ್ಮಾ ಇಲ್ಲದ ಓದಾಕ ಬಂತು."

ಟೀಚರ್ ನಕ್ಕರು. ಹುಡುಗಿ ನಗಲಿಲ್ಲ, ಅಪ್ಪನ ಬಾಯಿ ನೋಡುತ್ತಿದ್ದಳು. ಪಾಸಾ ಎಂದು ಅವನು ಕೇಳಿದ. ಪಾಸು, ಒಳ್ಳೆಯ ಮಾರ್ಕ್ಸೇ ಬಂದಿವೆ ಎಂದರು. ಅವನು ಹಾಳೆಯ ಹತ್ತಿರ ಹೋಗಿ ಮುಂಡರಗಿಯ ಚುಕ್ಕಿಗಳ ಮೇಲೆ ಬೆರಳಾಡಿಸಿದ, ಕೆತ್ತಿದ್ದೋ ಏನೋ ಎಂಬಂತೆ.

"ಇನ್ನ ಮ್ಯಾಲ ಕೇಳಿ ಒಯ್ಯಿ," ಎಂದ.

ಇನ್ನು ಮೇಲೆ ಎಂದನಲ್ಲ, ಆಗ ನನಗೆ ಉಸಿರು ಬಂತು. ಅಂದರೆ ಹೆಸರು ತೆಗೆಸುವುದಿಲ್ಲ. ನೀರು ಕೇಳಿದೆ. ಮುಂಡರಗಿ ಮಾವನ ಚರಗಿಯಲ್ಲೇ ಯಾರೋ ತುಂಬಿ ತಂದರು. ಪಾತ್ರೆಗಳು ಇನ್ನೂ ಸ್ವಲ್ಪ ದಿನ ಇರಲಿ, ಎಲ್ಲರೂ ನೋಡಲಿ ಎಂದು ಟೀಚರ್ ಕೇಳಿದರು. ಉಳಿದೆರಡನ್ನು ಇಟ್ಟುಕೊಳ್ಳಿ, ತಾಟು ಕೊಡುವುದಿಲ್ಲ ಎಂದು ಸೆರಗಿನಲ್ಲಿ ಸುತ್ತಿಕೊಂಡು ಎದ್ದೆ.

ಮರುದಿನ ಬೆಳಿಗ್ಗೆ ಎದ್ದು ಹುಣಸೆಹಣ್ಣು ಹಾಕಿ ಆ ತಾಟು ತಿಕ್ಕಿದೆ. ಚುಕ್ಕಿಯೊಳಗಿನ ಮಸಿ ಹೋಗಲಿಲ್ಲ. ಕಸಬರಿಗೆ ಕಡ್ಡಿಯಿಂದ ಕೆದರಿದೆ, ಆಗಲೂ ಹೋಗಲಿಲ್ಲ. ಬಿಟ್ಟೆ. ನಾದಿನಿ ಬಂದು ಕೂತಳು. ತಾಟಿನ ಅಂಚು ತಿರುಗಿಸಿ, ಕಪ್ಪಗೆ ಎದ್ದು ಕಾಣುವ ತನ್ನ ಗಂಡನ ಹೆಸರು ನೋಡಿ, ಮುಂದೆ ಎಳೆದುಕೊಂಡಳು. ನಾನು ಎರಡು ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದೆ.