ಕುರ್ಚಿ ಮಾತ್ರ ಸ್ಪಷ್ಟ

ಫೋಟೋ ಕ್ಲಬ್ಬಿನಲ್ಲಿ ಅಪ್ಪನಿಗೆ ಕಲ್ಲುಗೈ ಎಂದೇ ಹೆಸರು. ಮಬ್ಬು ಬೆಳಕಿನಲ್ಲಿ, ಸ್ಟ್ಯಾಂಡಿಲ್ಲದೆ ಫೋಟೋ ತೆಗೆಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಗೋಡೆಗೆ ಭುಜ ಆನಿಸಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಅರ್ಧ ಉಸಿರು ಬಿಟ್ಟು, ಉಳಿದರ್ಧ ಬಿಗಿಹಿಡಿದು ಗುಂಡಿ ಒತ್ತುತ್ತಿದ್ದರು. ಯಾರಾದರೂ ಹೊಗಳಿದರೆ ಉಬ್ಬಿಹೋಗುತ್ತಿದ್ದರು. ಮನೆಯ ಬಲ್ಬು ಬದಲಿಸಿ ಎಂದರೆ ಮಾತ್ರ ಅದೇ ಕೈಗೆ ನೋವು ಬರುತ್ತಿತ್ತು.

ಅಮ್ಮ ಹಗಲು ಹೊಲಿಗೆ ಅಂಗಡಿಯಲ್ಲಿ ದುಡಿದು, ಸಂಜೆ ಹವ್ಯಾಸಿ ತಂಡದಲ್ಲಿ ನಾಟಕ ಆಡುತ್ತಿದ್ದಳು. ವರ್ಷಗಟ್ಟಲೆ ಸಿಕ್ಕಿದ್ದು ಬರೀ ಕೆಲಸದವಳ ಪಾತ್ರ. ಕೊನೆಗೊಮ್ಮೆ ಮುಖ್ಯ ಪಾತ್ರ ಬಂತು, ಅದೂ ಒಂದೇ ಪ್ರದರ್ಶನಕ್ಕೆ.

“ರೀ, ನಂದೊಂದು ಒಳ್ಳೆ ಫೋಟೋ ತೆಗೀರಿ. ಇನ್ನೇನೂ ಬೇಡ,” ಎಂದಳು.

ನಿರ್ದೇಶಕರು ಫ್ಲ್ಯಾಶ್ ಹಾಕಕೂಡದು ಎಂದಿದ್ದರು. ರಂಗದ ಮೇಲೆ ಇದ್ದದ್ದು ಒಂದೇ ಹಳದಿ ದೀಪ. ನಾನು ಅಪ್ಪನ ಕಿವಿಯಲ್ಲಿ ಪಿಸುಗುಟ್ಟಿದೆ: “ಅಪ್ಪಾ, ಬೆಳಕು ಸಾಲದು, ಐಎಸ್‌ಒ ಏರಿಸಿ, ಶಟರ್ ವೇಗ ಹೆಚ್ಚು ಮಾಡಿ. ಅಮ್ಮ ಓಡಾಡ್ತಿದ್ದಾಳೆ.”

“ಏರಿಸಿದ್ರೆ ಚಿತ್ರ ತರಿತರಿಯಾಗುತ್ತೆ. ನನ್ನ ಕೈ ಮೇಲೆ ನಂಬಿಕೆ ಇಲ್ವೇನೆ ನಿಂಗೆ?”

ಕೈ ಅಲುಗಲಿಲ್ಲ, ನಿಜ. ರಂಗದ ಮೇಲಿದ್ದ ಬೆತ್ತದ ಕುರ್ಚಿಯ ಹೆಣಿಗೆ ಎಳೆಎಳೆಯಾಗಿ ಬಂದಿತ್ತು. ಅಮ್ಮನ ಜಾಗದಲ್ಲಿ ಮಾತ್ರ ಕದಡಿದ ಕೆಂಪು ಬಣ್ಣ. ಅಷ್ಟೂ ಚಿತ್ರಗಳದ್ದು ಅದೇ ಕಥೆ. ನಮ್ಮ ಕೈ ಎಷ್ಟೇ ಗಟ್ಟಿಯಿದ್ದರೂ ಎದುರಿನವರು ನಡೆದರೆ ಚಿತ್ರ ಕೆಡುತ್ತದೆ ಎಂದು ಅಪ್ಪನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಜಂಬ ಬಿಡಬೇಕಲ್ಲ!

ಅಮ್ಮ ಒಂದೊಂದನ್ನೂ ನೋಡಿ, “ಹೋಗ್ಲಿ ಬಿಡಿ,” ಎಂದು ಅಡುಗೆಮನೆಗೆ ಹೋದಳು. ಅಪ್ಪ ತಪ್ಪಾಯಿತು ಎಂದಿದ್ದರೆ ನಾನೂ ಸುಮ್ಮನಾಗುತ್ತಿದ್ದೆ. ಅವರು ಅವುಗಳಲ್ಲೊಂದಕ್ಕೆ ‘ಚಲನೆ’ ಎಂದು ಹೆಸರಿಟ್ಟು ಕ್ಲಬ್ಬಿನ ಸ್ಪರ್ಧೆಗೆ ಕಳಿಸಿದರು. ಬಹುಮಾನವೂ ಬಂತು. ನನಗೆ ಮೈಯೆಲ್ಲ ಉರಿಯಿತು.

ಬಹುಮಾನದ ದಿನ ತೀರ್ಪುಗಾರರು ಚಿತ್ರದೆದುರು ನಿಂತು ಕೇಳಿದರು: “ಬೇಕಂತಲೇ ಹೀಗೆ ತೆಗೆದ್ರಾ?”

“ಮತ್ತಿನ್ನೇನು ಸರ್!” ಎಂದರು ಅಪ್ಪ.

“ಈ ನಟಿ ಯಾರು?”

ಅಮ್ಮ ಅಪ್ಪನ ಪಕ್ಕದಲ್ಲೇ ಇದ್ದಳು. ಅಪ್ಪ ಅವಳತ್ತ ತಿರುಗಲೂ ಇಲ್ಲ. “ಯಾರಾದ್ರೇನು ಸರ್? ಮುಖ ಇಲ್ದೇ ಇರೋದೇ ಇದರ ಸೊಗಸು.”

“ಮುಖ ಇತ್ತು,” ಎಂದಳು ಅಮ್ಮ, ಸುತ್ತ ನಿಂತವರಿಗೆಲ್ಲ ಕೇಳುವಂತೆ. “ಇವರಿಗೆ ತೆಗೆಯೋಕೆ ಬರಲಿಲ್ಲ.”

ಅವತ್ತಿನಿಂದ ಅಪ್ಪ ಅವಳ ಜೊತೆ ಮಾತು ಬಿಟ್ಟಿದ್ದಾರೆ. ಬಹುಮಾನದ ಚಿತ್ರ ನಡುಮನೆಯ ಗೋಡೆಯ ಮೇಲಿದೆ. ಅದರ ಧೂಳು ಒರೆಸುವವಳು ಅಮ್ಮನೇ.