ಅರ್ಧ ದಾರಿಗೆ ಒಂದು ಪಿಕಪ್

2023ರ ಜುಲೈ ತಿಂಗಳು. ಆಗ ನಾನು ಪಶ್ಚಿಮ ಸಿಡ್ನಿಯ ಒಂದು ಕಾರ್ ಡೀಲರ್‌ಶಿಪ್‌ನಲ್ಲಿ ಸೀನಿಯರ್ ಸೇಲ್ಸ್ ಕನ್ಸಲ್ಟೆಂಟ್. ಮಂಡ್ಯದಿಂದ ಹೋಟೆಲ್ ಮ್ಯಾನೇಜ್‌ಮೆಂಟ್ ಓದಲು ಬಂದವಳು ಪಿಕಪ್ ಟ್ರಕ್ ಮಾರುವವಳಾದದ್ದು ಹೇಗೆಂದು ಕೇಳಿದವರಿಗೆಲ್ಲ ನನ್ನದು ಒಂದೇ ಉತ್ತರ: ಹೊಟ್ಟೆಪಾಡು ಸ್ವಾಮಿ. ಶೋರೂಮಿಗೆ ಬಂದ ಎಷ್ಟೋ ಗಂಡಸರು ನನ್ನನ್ನು ರಿಸೆಪ್ಷನ್‌ನವಳೆಂದುಕೊಂಡು ಕಾಫಿ ಕೇಳುತ್ತಿದ್ದರು. ಕೊಡುತ್ತಿದ್ದೆ. ಕಾಫಿ ಮುಗಿಯುವುದರೊಳಗೆ ಗಾಡಿಯನ್ನೂ ಮಾರುತ್ತಿದ್ದೆ.

ನಾನು ಮಾರುತ್ತಿದ್ದದ್ದು ಹಾಫ್-ಟನ್ ಪಿಕಪ್. ಹೆಸರು ನೋಡಿ ಮೋಸಹೋಗಬಾರದು. ಹಿಂದೊಮ್ಮೆ ಅಮೆರಿಕದಲ್ಲಿ ಅರ್ಧ ಟನ್ ಹೊರುವ ಗಾಡಿಗೆ ಇಟ್ಟ ಹೆಸರು ಹಾಗೇ ಉಳಿದುಕೊಂಡಿದೆ. ಈಗಿನವು ಅದಕ್ಕಿಂತ ಹೆಚ್ಚು ಹೊರುತ್ತವೆ, ನಾಲ್ಕೂವರೆ ಟನ್‌ವರೆಗೆ ಎಳೆಯುತ್ತವೆ. ಅಲ್ಲಿಂದ ತರಿಸಿ, ಸ್ಟೀರಿಂಗ್ ಬಲಕ್ಕೆ ಹಾಕಿ ಇಲ್ಲಿ ಮಾರುತ್ತಾರೆ. ಕೊಳ್ಳುವವರು ಕುದುರೆ ಸಾಕಿದವರು, ದೋಣಿ ಇರುವವರು, ಕಟ್ಟಡದ ಕೆಲಸದವರು. ನಮ್ಮ ಕನ್ನಡದವರು ಅತ್ತ ತಲೆ ಹಾಕಿಯೂ ಮಲಗುವುದಿಲ್ಲ. ಅವರಿಗೆ ಏಳು ಸೀಟಿನ ಎಸ್‌ಯುವಿಯೇ ಆಗಬೇಕು.

ಹಾಗಾಗಿ ಒಂದು ಶನಿವಾರ ವೀಣಾ ಎಂಬ ಹುಡುಗಿ ಎಂಟು ವರ್ಷದ ಮಗಳ ಕೈ ಹಿಡಿದು ನೇರವಾಗಿ ಪಿಕಪ್ ಹತ್ತಿರ ಹೋಗಿ ನಿಂತಾಗ ನನಗೆ ಕುತೂಹಲವಾಯಿತು. ಬೆಂಗಳೂರಿನವಳು. ಚಾಟ್ಸ್‌ವುಡ್‌ನ ಐಟಿ ಕಂಪನಿಯಲ್ಲಿ ಕೆಲಸ. ಗಂಡ ಮಂಜುನಾಥ ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ, ಒಂದು ಬ್ಯಾಂಕಿನಲ್ಲಿ. ಅವನನ್ನು ವಿಡಿಯೊ ಕಾಲ್‌ನಲ್ಲಿ ಕರೆದು, ಫೋನನ್ನು ಗಾಡಿಯ ಸುತ್ತ ಮಂಗಳಾರತಿಯ ತಟ್ಟೆಯ ಹಾಗೆ ತಿರುಗಿಸಿ ತೋರಿಸಿದಳು. ಸಿಡ್ನಿಯಲ್ಲಿ ಮಂಜುವಿನ ಕೆಲಸ ಹೋಗಿ, ಮೆಲ್ಬರ್ನ್‌ನಲ್ಲಿ ಸಿಕ್ಕಿತ್ತು. ಇಲ್ಲಿ ಇವಳ ಕೆಲಸ, ಮಗಳ ಸ್ಕೂಲು, ಮನೆಯ ಮಾರ್ಟ್‌ಗೇಜ್. ಮೂರು ವರ್ಷದಿಂದ ಇಬ್ಬರೂ ಬೇರೆ ಬೇರೆ ಊರಿನಲ್ಲಿದ್ದರು.

ಅವರ ಯೋಜನೆ ಹೀಗಿತ್ತು. ವಾರದ ದಿನಗಳಲ್ಲಿ ವೀಣಾ ಪಿಕಪ್‌ನಲ್ಲಿ ಆಫೀಸಿಗೆ ಹೋಗುವುದು. ತಿಂಗಳಿಗೆರಡು ಶುಕ್ರವಾರ ಅದಕ್ಕೆ ಕ್ಯಾರವಾನ್, ಅಂದರೆ ಚಕ್ರದ ಮೇಲಿನ ಪುಟ್ಟ ಮನೆ, ಕಟ್ಟಿಕೊಂಡು ಹ್ಯೂಮ್ ಹೈವೇಯಲ್ಲಿ ಗಂಡಗೈ ಎಂಬ ಊರಿಗೆ ಹೋಗುವುದು. ಆ ಊರು ಎರಡು ನಗರಗಳಿಗೂ ಹೆಚ್ಚುಕಡಿಮೆ ನಡುವೆ ಇದೆ. ಮಂಜು ಆ ಕಡೆಯಿಂದ ತನ್ನ ಕಾರಿನಲ್ಲಿ ಬರುವುದು. ಎರಡು ರಾತ್ರಿ ಕ್ಯಾರವಾನ್‌ನಲ್ಲಿ ಸಂಸಾರ.

ನನ್ನ ಕೆಲಸ ಗಾಡಿಯನ್ನು ಅಗತ್ಯಕ್ಕೆ ತಾಳೆ ನೋಡುವುದು. ದಿನನಿತ್ಯದ ಓಡಾಟಕ್ಕೆ ಇದು ಉದ್ದವಾಯಿತು ಎಂದೆ. ಆಫೀಸಿನ ಪಾರ್ಕಿಂಗ್ ಗೆರೆ ದಾಟಿ ಅರ್ಧ ಮೀಟರ್ ಆಚೆ ಮೂತಿ ಚಾಚಿಕೊಂಡಿರುತ್ತದೆ. ಅಭ್ಯಾಸವಾಗುತ್ತದೆ ಬಿಡಿ ಎಂದಳು. ಆಮೇಲೆ ಎಳೆಯುವ ಲೆಕ್ಕ. ಮಂಜು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದ್ದ. ನಾಲ್ಕೂವರೆ ಟನ್ ಎಂಬುದನ್ನು ಓದಿ ಮೂರು ಟನ್ನಿನ ಕ್ಯಾರವಾನ್ ನೋಡಿಟ್ಟಿದ್ದ. ಎಳೆಯುವ ತೂಕ ಬೇರೆ, ಹೊರುವ ತೂಕ ಬೇರೆ. ಹೊರುವುದಕ್ಕೆ ಪೇಲೋಡ್ ಎನ್ನುತ್ತಾರೆ. ನಮ್ಮ ಮಾಡೆಲ್‌ಗೆ ಅದು ಸುಮಾರು ಏಳುನೂರು ಕಿಲೋ. ಕ್ಯಾರವಾನ್‌ನ ಮೂಗು ಗಾಡಿಯ ಕೊಂಡಿಯ ಮೇಲೆ ಕೂರುತ್ತದಲ್ಲ, ಆ ಭಾರವೇ ಮುನ್ನೂರು ಕಿಲೋ ಆಗುತ್ತದೆ. ಉಳಿದ ನಾನೂರರಲ್ಲಿ ಜನ, ಸಾಮಾನು ಎಲ್ಲ ಹಿಡಿಯಬೇಕು.

ಏನೇನು ಒಯ್ಯುತ್ತೀರಿ ಎಂದು ಕೇಳಿದೆ. ಫೋನಿನೊಳಗಿಂದ ಮಂಜು ಶುರುಮಾಡಿದ. ವೆಟ್ ಗ್ರೈಂಡರ್, ಎರಡು ಕುಕ್ಕರ್, ದೇವರ ಮಂಟಪ, ಇಪ್ಪತ್ತು ಕಿಲೋ ಅಕ್ಕಿ, ಮಗಳ ಕೀಬೋರ್ಡ್, ತೆಂಗಿನಕಾಯಿ ತುರಿಯುವ ಈಳಿಗೆಮಣೆ. ಇಷ್ಟು ವರ್ಷದಲ್ಲಿ ಕ್ಯಾರವಾನ್‌ಗೆ ಬಿಯರ್ ತುಂಬುವವರನ್ನು ಕಂಡಿದ್ದೆ, ಈಳಿಗೆಮಣೆ ತುಂಬುವವರನ್ನು ಕಂಡಿರಲಿಲ್ಲ. ನಗು ತಡೆಯಲಾಗಲಿಲ್ಲ. ಕಾಲ್ ಮುಗಿದ ಮೇಲೆ ವೀಣಾಳನ್ನು ಕೇಳಿದೆ.

"ಎರಡು ರಾತ್ರಿಗೆ ಗ್ರೈಂಡರ್ ಯಾಕಮ್ಮ? ಅದರ ಬದಲು ಅವರು ಫ್ಲೈಟಲ್ಲಿ ಬಂದ್ರೆ ಒಂದೂವರೆ ಗಂಟೆ ಅಷ್ಟೇ."

"ಬರ್ತಾನೆ ಮೇಡಂ. ಎರಡು ದಿನ ಇರ್ತಾನೆ, ಹೋಗ್ತಾನೆ. ಹೋದ ಸಲ ಬಂದಾಗ ಇವಳು ಅವಳಪ್ಪಂಗೆ ಗೆಸ್ಟ್ ಟವೆಲ್ ತಂದು ಕೊಟ್ಟಳು. ಅವನು ಥ್ಯಾಂಕ್ಯೂ ಅಂದ. ನಮ್ಮನೇಲಿ ಅವನು ನೆಂಟ, ಅವನ ರೂಮಲ್ಲಿ ನಾವು ನೆಂಟರು. ಇದಾದ್ರೆ ಮೂರು ಜನಕ್ಕೂ ಸೇರಿದ್ದು ಅಂತ ಒಂದು ಇರತ್ತೆ."

ನಾನು ಸಂಸಾರ ಕೂಡಿಸುವವಳಲ್ಲ, ಗಾಡಿ ಮಾರುವವಳು. ಅವತ್ತೇ ಸಹಿ ಹಾಕಿಸಬಹುದಿತ್ತು. ಆದರೆ ಎಳೆಯುವ ಗಾಡಿಯನ್ನು ಗಂಡ ಹೆಂಡತಿ ಇಬ್ಬರೂ ಓಡಿಸಿ ನೋಡದೆ ನಾನು ಯಾರಿಗೂ ಮಾರಿದವಳಲ್ಲ. ಮುಂದಿನ ಶನಿವಾರ ಮಂಜುವನ್ನು ಕರೆಸಿ ಎಂದೆ. ಪಕ್ಕದ ಕ್ಯಾರವಾನ್ ಯಾರ್ಡ್‌ನವರು ಒಂದನ್ನು ಟೆಸ್ಟ್ ಡ್ರೈವ್‌ಗೆ ಕೊಡಲು ಒಪ್ಪಿದರು.

ಮಂಜು ಬಂದ. ಸಾಧು ಮನುಷ್ಯ. ರಜೆಯಲ್ಲಿದ್ದ ಒಂದು ಫ್ಯಾಕ್ಟರಿಯ ಅಂಗಳಕ್ಕೆ ಹೋಗಿ, ನಾಲ್ಕು ಕಿತ್ತಳೆ ಬಣ್ಣದ ಕೋನ್ ಇಟ್ಟು, ಅವುಗಳ ನಡುವೆ ಕ್ಯಾರವಾನ್ ಅನ್ನು ರಿವರ್ಸ್ ಹಾಕಿ ಎಂದೆ. ಮುಂದಕ್ಕೆ ಎಳೆಯುವುದನ್ನು ಯಾರು ಬೇಕಾದರೂ ಮಾಡಿಯಾರು. ಹಿಂದಕ್ಕೆ ತಳ್ಳುವುದು ವಿದ್ಯೆ. ಸ್ಟೀರಿಂಗ್ ಬಲಕ್ಕೆ ತಿರುಗಿಸಿದರೆ ಕ್ಯಾರವಾನ್ ಎಡಕ್ಕೆ ಹೋಗುತ್ತದೆ. ಒಬ್ಬರು ಓಡಿಸಬೇಕು, ಇನ್ನೊಬ್ಬರು ಹಿಂದೆ ನಿಂತು ದಾರಿ ಹೇಳಬೇಕು.

ವೀಣಾ ಸ್ಟೀರಿಂಗ್ ಹಿಡಿದಳು, ಮಂಜು ಹಿಂದೆ ನಿಂತ. ಸ್ವಲ್ಪ ಎಡಕ್ಕೆ, ಪ್ಲೀಸ್ ಎಂದ. ಸಾರಿ ಎಂದಳು. ಇಲ್ಲ, ನಂದೇ ತಪ್ಪು ಎಂದ. ಬ್ಯಾಂಕಿನ ಕೌಂಟರಿನಲ್ಲೂ ಜನ ಅಷ್ಟು ಮರ್ಯಾದೆಯಿಂದ ಮಾತಾಡುವುದಿಲ್ಲ. ಕ್ಯಾರವಾನ್ ಎರಡು ಸಲ ಅಡ್ಡ ನಿಂತಿತು. ಮೂರನೆಯ ಸಲ ಕೋನ್ ಅಪ್ಪಚ್ಚಿಯಾಯಿತು. ವೀಣಾ ಇಂಜಿನ್ ಆಫ್ ಮಾಡಿ ಇಳಿದಳು.

"ಕೈ ಆ ಕಡೆ ತೋರಿಸ್ತೀಯ, ಬಾಯಲ್ಲಿ ಈ ಕಡೆ ಅಂತೀಯ. ಯಾವುದನ್ನ ನಂಬಲಿ ನಾನು?"

ಅವನೂ ಬಿಡಲಿಲ್ಲ. ಕನ್ನಡಿ ನೋಡಿದರೆ ತಾನೆ ಕೈ ಕಾಣುವುದು ಎಂದ. ಅಲ್ಲಿಂದ ಜಗಳ ಕ್ಯಾರವಾನ್ ಬಿಟ್ಟು ಊರೆಲ್ಲ ಸುತ್ತಿತು. ಮಗಳಿಗೆ ಜ್ವರ ಬಂದ ರಾತ್ರಿ ಅವನು ಫೋನ್ ಎತ್ತಲಿಲ್ಲವಂತೆ. ಮನೆಯ ಪರದೆ ಬದಲಾಯಿಸಿದಾಗ ಅವಳು ಅವನನ್ನು ಒಂದು ಮಾತೂ ಕೇಳಲಿಲ್ಲವಂತೆ. ಮಗು ನನ್ನ ಹತ್ತಿರ ಬಂದು, ಇವರು ಯಾಕೆ ಕಿರುಚುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಕೇಳಿತು. ಅಪ್ಪ ಅಮ್ಮ ಜಗಳವಾಡಿದ್ದನ್ನು ಅದು ಕಂಡೇ ಇರಲಿಲ್ಲವಂತೆ. ಇರುವ ಎರಡು ದಿನವನ್ನು ಯಾಕೆ ಕೆಡಿಸಿಕೊಳ್ಳಬೇಕೆಂದು ಇಬ್ಬರೂ ಮೂರು ವರ್ಷ ಬಾಯಿ ಹೊಲಿದುಕೊಂಡಿದ್ದರು. ಹೆದರಬೇಡ, ಇದಕ್ಕೇ ಸಂಸಾರ ಅನ್ನೋದು ಎಂದು ಅದರ ತಲೆ ಸವರಿದೆ. ನನ್ನ ಗಂಡ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ಆ ಜಗಳ ಕೇಳುತ್ತ ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ.

ಕೊನೆಗೆ ಇಬ್ಬರೂ ಸುಸ್ತಾದರು. ಮಂಜು ಕ್ಯಾರವಾನ್‌ನ ಮೆಟ್ಟಿಲ ಮೇಲೆ ಕುಳಿತ.

"ಇದು ತಗೊಂಡ್ರೂ ಭಾನುವಾರ ಸಾಯಂಕಾಲ ಇವರಿಬ್ಬರು ಆ ಕಡೆ, ನಾನು ಈ ಕಡೆ. ಅಲ್ವಾ ಮೇಡಂ?"

"ಇದು ನಾಲ್ಕೂವರೆ ಟನ್ ಎಳೀತದೆ ಕಣಪ್ಪ," ಎಂದೆ. "ಭಾನುವಾರನ ಹಿಂದಕ್ಕೆ ಎಳೆಯಕ್ಕಾಗದಿಲ್ಲ."

ವೀಣಾ ಕೋನ್‌ಗಳನ್ನು ಒಂದೊಂದಾಗಿ ಎತ್ತಿ ಜೋಡಿಸಿದಳು. ಅಳುತ್ತಿದ್ದಳು. ಆ ಗಾಡಿಯನ್ನು ಅವರು ಕೊಳ್ಳಲಿಲ್ಲ. ಕಾಫಿ ಕುಡಿಸಿಯೂ ಬರಿಗೈಯಲ್ಲಿ ಕಳಿಸಿದೆಯಲ್ಲ ಎಂದು ಮ್ಯಾನೇಜರ್ ಒಂದು ವಾರ ನನ್ನನ್ನು ಆಡಿಕೊಂಡ. ನಾನು ಮಾತ್ರ ಆಮೇಲೂ ಎಷ್ಟೋ ಶನಿವಾರ ಬಾಗಿಲ ಕಡೆ ನೋಡುತ್ತಿದ್ದೆ. ಬರಲಿಲ್ಲ.

ಮುಂದಿನ ವರ್ಷ ಫೆಬ್ರವರಿಯ ಒಂದು ಬುಧವಾರ, ಕೆಲಸ ಮುಗಿಸಿ ಪೆಂಡಲ್ ಹಿಲ್‌ನ ದಿನಸಿ ಅಂಗಡಿಗೆ ಹೋಗಿದ್ದೆ. ಬೇಳೆಯ ಸಾಲಿನ ಆಚೆ ಯಾರೋ ಫೋನಿನಲ್ಲಿ ಗಟ್ಟಿಯಾಗಿ ಕನ್ನಡದಲ್ಲಿ ಜಗಳವಾಡುತ್ತಿದ್ದರು. ಹೆಸರುಬೇಳೆ ಅಂದಿದ್ದೆಯೋ ತೊಗರಿಬೇಳೆ ಅಂದಿದ್ದೆಯೋ ಸರಿಯಾಗಿ ಹೇಳು, ಆಮೇಲೆ ನನ್ನ ಮೇಲೆ ಎಗರಾಡಬೇಡ ಎನ್ನುತ್ತಿದ್ದ. ಮಂಜುವಿನ ಧ್ವನಿ. ವಾರದ ನಡುವೆ ಸಿಡ್ನಿಯಲ್ಲಿ. ನಾನು ಬೇಕಿಲ್ಲದ ಒಂದು ಪ್ಯಾಕೆಟ್ ಕೈಯಲ್ಲಿ ಹಿಡಿದು, ಆ ಜಗಳ ಮುಗಿಯುವವರೆಗೂ ಅಲ್ಲೇ ನಿಂತು ಕೇಳಿದೆ.

ನನ್ನನ್ನು ಕಂಡು ಅವನಿಗೆ ಸಂಕೋಚವಾಯಿತು. ಇಲ್ಲೇ ಸಣ್ಣ ಕೆಲಸ ಹಿಡಿದು ವಾಪಸ್ ಬಂದದ್ದು, ಮೊದಲಿನಷ್ಟು ಸಂಬಳವಿಲ್ಲದ್ದು, ಇರುವ ಹಳೆಯ ಕಾರನ್ನೇ ಓಡಿಸುತ್ತಿರುವುದು, ಎಲ್ಲ ಹೇಳಿದ. ನಿಮ್ಮ ವ್ಯಾಪಾರ ಕೆಡಿಸಿದೆವು ಎಂದು ನಕ್ಕ. ಆಮೇಲೆ ಸಹಜವಾಗಿ ಅತ್ತಿತ್ತ ನೋಡಿದ.

"ನಿಮ್ಮ ಯಜಮಾನರು ಬಂದಿಲ್ವಾ ಮೇಡಂ?"

"ಇಲ್ಲಪ್ಪ," ಎಂದೆ. "ನಾನೊಬ್ಬಳೇ ಬಂದೆ."

ಈಗ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಟ್ರೇನಿಂಗ್ ಕೊಡುವುದು ನನ್ನ ಕೆಲಸ. ಪೇಲೋಡ್, ಕೊಂಡಿಯ ಭಾರ, ಎಳೆಯುವ ತೂಕ ಎಲ್ಲವನ್ನೂ ಕಲಿಸುತ್ತೇನೆ. ಆದರೆ ಮೊದಲ ದಿನ ಹೇಳುವುದು ಬೇರೆ ಮಾತು. ಗಿರಾಕಿ ಎಷ್ಟು ಟನ್ ಎಳೆಯುತ್ತಾನೆ ಎಂಬುದನ್ನು ಆಮೇಲೆ ಕೇಳಿ, ಆ ದಾರಿಯ ತುದಿಯಲ್ಲಿ ಅವನಿಗಾಗಿ ಯಾರು ಕಾಯುತ್ತಿದ್ದಾರೆ ಎಂಬುದನ್ನು ಮೊದಲು ಕೇಳಿ. ಕಾಯುವವರು ಇದ್ದರೆ, ಸಾಧ್ಯವಾದಷ್ಟು ಚಿಕ್ಕ ಗಾಡಿಯನ್ನು ಮಾರಿ, ಬೇಗ ಮನೆಗೆ ಕಳಿಸಿ.